ಅಳಿಸಿದರೆ ತಪ್ಪು ಅಳಿಯುವುದೇ?

ಶಾಲೆಗೆ ರಜೆಯಿದ್ದಾಗ ಮೊಮ್ಮಗನೊಡನೆ ಕುಳಿತು ‘ಟಾಮ್ ಅಂಡ್ ಜೆರ‍್ರಿ’ ಕಾರ್ಟೂನುಗಳನ್ನು ನೋಡುವುದು ನನಗೆ ರೂಢಿ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಛಂದಸ್ಸುಗಳನ್ನು ಕಲಿತು, ತಾಳೆಗರಿಗಳ ಸಂಪಾದನೆಯಲ್ಲಿ ಆಯುಷ್ಯ ಕಳೆದವನಿಗೂ ಆ ಬೆಕ್ಕು–ಇಲಿಗಳ ಕಾದಾಟ ನಗು ತರಿಸುತ್ತದೆ. ಒಂದು ದಿನ, ಪೊರಕೆ ಹಿಡಿದು ಬೆಕ್ಕನ್ನು ಅಟ್ಟುತ್ತಿದ್ದ ಮನೆಗೆಲಸದ ಹೆಂಗಸನ್ನು ತೋರಿಸಿ ಹುಡುಗ ಕೇಳಿದ: “ಅಜ್ಜಾ, ಈಕಿ ಮಾರಿ ಯಾಕ ತೋರ್ಸೂದಿಲ್ಲ?”

“ಸುಮ್ಮನ ನೋಡಪಾ” ಎಂದುಬಿಟ್ಟೆ. ಉತ್ತರ ತಿಳಿದಿರಲಿಲ್ಲ. ಆ ಪ್ರಶ್ನೆಯೇ ನನಗೆ ಎಂದೂ ಹೊಳೆದಿರಲಿಲ್ಲವೆಂಬುದು ಮನಸ್ಸನ್ನು ಚುಚ್ಚಿತು. ಆಕೆಯ ದಪ್ಪ ಕಾಲುಗಳನ್ನೂ ಒರಟು ಮಾತನ್ನೂ ಕಂಡು ನಾನೂ ನಕ್ಕಿದ್ದೆನಲ್ಲ!

ಆಮೇಲೆ ಓದಿ ತಿಳಿದೆ. ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಅವರ ಈ ಮಾಲೆಯ ಮೊದಲ ಚಿತ್ರ ಬಂದದ್ದು 1940ರ ಫೆಬ್ರವರಿಯಲ್ಲಿ. ಆ ಕಪ್ಪುವರ್ಣದ ಸೇವಕಿ ಅದರಲ್ಲೇ ಇದ್ದಾಳೆ. 1952ರವರೆಗೂ ಹಲವು ಚಿತ್ರಗಳಲ್ಲಿ ಬಂದಳು. ಮುಖ ಕಾಣುವುದು ಮಾತ್ರ ತೀರ ಅಪರೂಪ. ಅಂದಿನ ಅಮೆರಿಕದ ಚಲನಚಿತ್ರಗಳಲ್ಲಿ ಕಪ್ಪುಸ್ತ್ರೀಯರಿಗೆ ದೊರೆಯುತ್ತಿದ್ದುದು ಬಹುಮಟ್ಟಿಗೆ ಸೇವಕಿಯ ಪಾತ್ರವೇ. ಅದೇ ಫೆಬ್ರವರಿಯಲ್ಲಿ ಹ್ಯಾಟಿ ಮೆಕ್‌ಡೇನಿಯಲ್ ಎಂಬ ನಟಿ ‘ಗಾನ್ ವಿತ್ ದ ವಿಂಡ್’ ಚಿತ್ರದ ಅಂಥದೇ ಪಾತ್ರಕ್ಕೆ ಆಸ್ಕರ್ ಪಡೆದರು. ಕಪ್ಪುಜನರಲ್ಲಿ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. ಆದರೂ ಸಮಾರಂಭದಲ್ಲಿ ಅವರನ್ನು ಸಹನಟರಿಂದ ದೂರ, ಗೋಡೆಯ ಬದಿಯ ಬೇರೆ ಮೇಜಿನಲ್ಲಿ ಕೂರಿಸಿದರು. ಪಂಕ್ತಿಭೇದವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಸೇವಕಿಯ ಚಿತ್ರಣಕ್ಕೆ ಕಪ್ಪುಜನರ ಸಂಘಟನೆಯಿಂದ ಆಕ್ಷೇಪ ಬಂದಿತು. 1960ರ ದಶಕದಲ್ಲಿ ದೂರದರ್ಶನಕ್ಕಾಗಿ ಕೆಲವು ಚಿತ್ರಗಳನ್ನು ತಿದ್ದಿ, ಆಕೆಯ ಸ್ಥಾನದಲ್ಲಿ ಬಿಳಿಯ ಹೆಂಗಸನ್ನು ಬರೆದು, ಬೇರೆ ದನಿ ಕೂಡಿಸಿದರು. ತಪ್ಪು ಸರಿಹೋಯಿತೇನೋ ಎನಿಸುತ್ತದೆ. ಆದರೆ ಮೂಲದಲ್ಲಿ ದನಿ ಕೊಟ್ಟವರು ಲಿಲಿಯನ್ ರ‍್ಯಾಂಡಾಲ್ಫ್ ಎಂಬ ಕಪ್ಪು ಕಲಾವಿದೆ. ಮೊದಲೇ ಮುಖವಿರಲಿಲ್ಲ, ಈಗ ದನಿಯೂ ಹೋಯಿತು.

ಇನ್ನೊಂದು ನಿದರ್ಶನವುಂಟು. ವಾರ್ನರ್ ಸಂಸ್ಥೆಯ ‘ಸ್ಪೀಡಿ ಗೊಂಜಾಲೆಸ್’ ಮೆಕ್ಸಿಕೋ ದೇಶದ ಚುರುಕು ಇಲಿ. ಅದರ ಹೆಸರಿನ 1955ರ ಚಿತ್ರಕ್ಕೆ ಆಸ್ಕರ್ ಬಂದಿತ್ತು. ಅದರ ಜೊತೆಯ ಇಲಿಗಳನ್ನು ಸೋಮಾರಿಗಳಂತೆ ತೋರಿಸಿದ್ದರಿಂದ, ಮೆಕ್ಸಿಕನ್ನರಿಗೆ ಅವಮಾನವಾದೀತೆಂದು 1999ರಲ್ಲಿ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಅದನ್ನು ಕೈಬಿಟ್ಟಿತು. ಆದರೆ ಸ್ಪ್ಯಾನಿಷ್ ಮೂಲದ ಜನರೇ ‘ನಮ್ಮ ಜಾಣ ಇಲಿ ನಮಗೆ ಬೇಕು’ ಎಂದು ಒತ್ತಾಯಿಸಿದರು. 2002ರಲ್ಲಿ ಅದು ಮರಳಿ ಬಂದಿತು. ಯಾರ ಚಿತ್ರವೋ ಅವರನ್ನು ಕೇಳದೆ ಮಾಡಿದ ತಿದ್ದುಪಡಿಯ ಗತಿ ಹೀಗೆ.

ತಾಳೆಗರಿಯಲ್ಲಿ ಅಪಪಾಠ ಕಂಡರೆ ನಾವು ಅದನ್ನು ಕೆರೆದು ತೆಗೆಯುವುದಿಲ್ಲ. ಅಡಿಟಿಪ್ಪಣಿಯಲ್ಲಿ ಉಳಿಸಿ, ಇದು ತಪ್ಪೆಂದು ಕಾರಣಸಹಿತ ಬರೆಯುತ್ತೇವೆ. ವಾರ್ನರ್ ಸಂಸ್ಥೆಯೂ ಹಳೆಯ ಕಾರ್ಟೂನುಗಳ ಕೆಲವು ಡಿವಿಡಿಗಳಲ್ಲಿ, ಇಂಥ ಚಿತ್ರಣ ಅಂದೂ ತಪ್ಪು, ಇಂದೂ ತಪ್ಪು ಎಂಬ ಅರ್ಥದ ಮುನ್ನುಡಿಯನ್ನು ಸೇರಿಸಿತು. ಇದು ಸರಿಯಾದ ಸಂಪಾದನೆ.

ಮನೆಯಲ್ಲಿ ಆ ಟಿಪ್ಪಣಿಯನ್ನು ಬರೆಯಬೇಕಾದವರು ಹಿರಿಯರಾದ ನಾವು. ಮರುದಿನ ಮೊಮ್ಮಗನನ್ನು ಹತ್ತಿರ ಕರೆದು, ಹಿಂದಿನ ದಿನ ನಾನು ಸರಿಯಾಗಿ ಉತ್ತರಿಸಲಿಲ್ಲವೆಂದು ಒಪ್ಪಿಕೊಂಡು, ಎಲ್ಲವನ್ನೂ ಹೇಳಿದೆ. ಅವನು ಕೇಳಿದ್ದು ಒಂದೇ: “ಆ ದನಿ ಕೊಟ್ಟಾಕಿ ಹೆಸರು ಏನಂದಿ ಅಜ್ಜಾ?”

ಇನ್ನೊಮ್ಮೆ ಹೇಳಿದೆ.