ಯಾವುದು ಮೊದಲು, ಯಾವುದು ಅನಂತರ

ಬಿ.ಕಾಂ. ಮುಗಿಸಿದೊಡನೆ ನಾನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ಸಿ.ಎ. ಓದಬೇಕೆಂಬ ಆಸೆ ಆಸೆಯಾಗಿಯೇ ಉಳಿಯಿತು. ಆದುದರಿಂದ ಮೊಮ್ಮಗಳು ಸಿ.ಎ. ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಓದತೊಡಗಿದಾಗ ನನ್ನ ಉತ್ಸಾಹಕ್ಕೆ ಮಿತಿಯಿರಲಿಲ್ಲ. ಆ ಉತ್ಸಾಹದಲ್ಲಿ ನನ್ನಿಂದಾದ ಒಂದು ತಪ್ಪನ್ನು, ಓದುವ ಮಕ್ಕಳಿರುವ ಮನೆಗಳ ಹಿರಿಯರಿಗೆ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತಿದ್ದೇನೆ.

2024ರ ಮೇ ತಿಂಗಳ ಪರೀಕ್ಷೆಯಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಈ ಹಂತಕ್ಕೆ ಆರು ಪತ್ರಿಕೆಗಳು. ಮೂರು ಮೂರರ ಎರಡು ಗುಂಪುಗಳು. ಪ್ರತಿ ಪತ್ರಿಕೆಯಲ್ಲಿ ನೂರಕ್ಕೆ 40, ಗುಂಪಿನ 300 ಅಂಕಗಳಲ್ಲಿ ಒಟ್ಟು 150 ಬರಬೇಕು. ಎರಡು ಗುಂಪುಗಳನ್ನೂ ಒಟ್ಟಿಗೆ ಬರೆದರೆ, ಒಂದರ ಮೊತ್ತದಲ್ಲಿ ಬಿದ್ದ ಕೊರತೆಯನ್ನು ಇನ್ನೊಂದರ ಹೆಚ್ಚಳದಿಂದ ತುಂಬಿಕೊಳ್ಳಲು ಅವಕಾಶವುಂಟು. ವ್ಯಾಪಾರಿಯಾದ ನನಗೆ ಈ ಲಾಭವಷ್ಟೇ ಕಂಡಿತು. “ಎರಡನ್ನೂ ಒಂದೇ ಸಲ ಮುಗಿಸಿಬಿಡು” ಎಂದೆ.

“ಅಜ್ಜ, ಕಾನೂನನ್ನು ನಾನಿನ್ನೂ ಒಂದು ಸಲವೂ ಪೂರ್ತಿ ಓದಿಲ್ಲ” ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಂಧುಗಳೆದುರು ಹೇಳಿಕೊಳ್ಳುವ ಹೆಮ್ಮೆಯೂ ನನ್ನ ಮಾತಿನಲ್ಲಿ ಬೆರೆತಿತ್ತೆಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

2024ರ ಸೆಪ್ಟೆಂಬರಿನಲ್ಲಿ ಬರೆದಳು. ಮೊದಲ ಗುಂಪಿನಲ್ಲಿ ಲೆಕ್ಕಶಾಸ್ತ್ರಕ್ಕೆ 62, ತೆರಿಗೆಗೆ 54, ಕಾನೂನಿಗೆ 36. ಮೊತ್ತ 152 ಆದರೂ ಅನುತ್ತೀರ್ಣ. ಪತ್ರಿಕೆಯೊಂದು 40ಕ್ಕಿಂತ ಕೆಳಗಿಳಿದರೆ ಬೇರೆಲ್ಲಿಯ ಹೆಚ್ಚಳವೂ ಅದನ್ನು ಎತ್ತಲಾರದು. ಎರಡನೆಯ ಗುಂಪೂ ಕೈತಪ್ಪಿತು.

ನಾನು ಸಮಾಧಾನ ಹೇಳಹೊರಟೆ. ಅವಳು ಮೆಲ್ಲನೆ ಕೇಳಿದಳು: “ಅಜ್ಜ, ದಾಸ್ತಾನು ಎಷ್ಟಿದೆಯೆಂದು ನೋಡದೆ ನೀವು ಆರ್ಡರು ಒಪ್ಪಿಕೊಳ್ಳುತ್ತೀರಾ?” ನನ್ನಲ್ಲಿ ಉತ್ತರವಿರಲಿಲ್ಲ.

ಮುಂದಿನ ಕ್ರಮವನ್ನು ಅವಳೇ ಹಾಕಿಕೊಂಡಳು. 60ಕ್ಕೆ ಕಡಿಮೆಯಿಲ್ಲದ ಅಂಕ ಬಂದ ಪತ್ರಿಕೆಗೆ ಮುಂದಿನ ಮೂರು ಪರೀಕ್ಷೆಗಳವರೆಗೆ ವಿನಾಯಿತಿ ಇರುವುದರಿಂದ ಲೆಕ್ಕಶಾಸ್ತ್ರವನ್ನು ಮತ್ತೆ ಬರೆಯಬೇಕಾಗಿರಲಿಲ್ಲ. ಜನವರಿಗೆ ಕಾನೂನು ಮತ್ತು ತೆರಿಗೆ ಮಾತ್ರ. ಕಷ್ಟವಾದ ಕಾನೂನಿಗೆ ಬೆಳಗಿನ ಹೊತ್ತು. ಆದಾಯ ತೆರಿಗೆ ಮತ್ತು ಜಿ.ಎಸ್.ಟಿ. ಲೆಕ್ಕಗಳಿಗೆ ಮಧ್ಯಾಹ್ನ. ತೆರಿಗೆಯ ನಿಯಮಗಳು ಬದಲಾಗುತ್ತಿರುವುದರಿಂದ ಆ ಪರೀಕ್ಷೆಗೆ ಅನ್ವಯಿಸುವ ತಿದ್ದುಪಡಿಗಳನ್ನು ಕೊನೆಯ ವಾರಗಳಿಗೆ ಇಟ್ಟುಕೊಂಡಳು.

ಮೊದಲ ಗುಂಪು ದಾಟಿದ ಮೇಲೆ ಎರಡನೆಯದು. ವೆಚ್ಚದ ಲೆಕ್ಕ ಮತ್ತು ಹಣಕಾಸು ನಿರ್ವಹಣೆ ಕೈ ಪಳಗಬೇಕಾದ ವಿಷಯಗಳು. ಇವನ್ನು ದಿನವೂ ಮಾಡಿದಳು. ಬರಿದೇ ಓದಬೇಕಾದ ಭಾಗಗಳನ್ನು ನಡುನಡುವೆ ಸೇರಿಸಿದಳು. ಲೆಕ್ಕ ಬರೆಯುವ ಬಗೆ ತಿಳಿದವನಿಗೇ ಲೆಕ್ಕ ಪರಿಶೋಧಿಸುವ ಬಗೆಯೂ ತಿಳಿಯುವುದೆಂದು, ಮೊದಲು ಓದಿದ ಲೆಕ್ಕಶಾಸ್ತ್ರದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡೇ ಪರಿಶೋಧನೆಯನ್ನು ಓದಿದಳು. 2025ರ ಮೇ ತಿಂಗಳಲ್ಲಿ ಅದೂ ಮುಗಿಯಿತು.

ಎರಡನ್ನೂ ಒಟ್ಟಿಗೆ ಬರೆಯುವುದೇ ತಪ್ಪೆಂದು ನಾನು ಹೇಳಲಾರೆ. ಸಿದ್ಧತೆ ಪೂರ್ಣವಾಗಿರುವವರಿಗೆ ಅದು ಒಳ್ಳೆಯ ದಾರಿಯೇ ಸರಿ. ಆದರೆ ಸಿದ್ಧತೆ ಎಷ್ಟಿದೆಯೆಂಬ ಲೆಕ್ಕ ಓದುವವರ ಬಳಿ ಇರುತ್ತದೆ, ನಮ್ಮ ಬಳಿ ಅಲ್ಲ. ಆ ಲೆಕ್ಕವನ್ನು ಕೇಳದೆ ಆಜ್ಞೆ ಮಾಡುವುದು, ಖಾತೆ ನೋಡದೆ ಸಹಿ ಹಾಕಿದಂತೆ.

ಈಗ ಅಂತಿಮ ಹಂತದ ಆರು ಪತ್ರಿಕೆಗಳು ಅವಳ ಮುಂದಿವೆ. ಯಾವ ಗುಂಪು ಮೊದಲೆಂದು ನಾನು ಹೇಳುವುದಿಲ್ಲ, ಕೇಳುತ್ತೇನೆ.