ಮೀನಿನ ಕಾವಲು

ಮೀನು ಸಾಕುವುದೆಂದರೆ ನಮ್ಮ ಕಡೆಯವರಿಗೆ ಹೊಳೆಯುವ ಅರ್ಥ ಎರಡೇ. ಕೆರೆಗೆ ಮರಿ ಬಿಟ್ಟು, ಬೆಳೆಸಿ, ಹಿಡಿದು, ಸಂತೆಗೆ ಕಳಿಸುವುದು ಒಂದು. ಹಜಾರದ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯಿಟ್ಟು, ಬಂದವರ ಮಕ್ಕಳು ಅದರ ಮೇಲೆ ಬೆರಳು ಬಡಿಯುವುದನ್ನು ಸಹಿಸಿಕೊಳ್ಳುವುದು ಇನ್ನೊಂದು. ಇವೆರಡೂ ಅಲ್ಲದ ಮೂರನೆಯ ಬಗೆಯೊಂದುಂಟು. ಹಿತ್ತಲಲ್ಲಿ ಗುಂಡಿ ತೋಡಿ ನೀರು ತುಂಬಿ, ಅದರಲ್ಲಿ ಮೊಳದುದ್ದದ ಬಣ್ಣದ ಮೀನುಗಳನ್ನು ಬಿಟ್ಟು, ಅವನ್ನು ತಿನ್ನದೆ, ಮಾರದೆ, ಇಪ್ಪತ್ತು ಮೂವತ್ತು ವರ್ಷ ಅವುಗಳ ಯೋಗಕ್ಷೇಮ ನೋಡಿಕೊಳ್ಳುವುದು. ಇದನ್ನು ನಾನು ಕಂಡದ್ದು ಅಮೆರಿಕದಲ್ಲಿ, ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ. ಹೀಗೆ ಮೀನು ಸಾಕುವವನಿಗೆ ಆಹಾರ ಹಾಕುವ ಕೆಲಸ ದಿನಕ್ಕೆ ಐದು ನಿಮಿಷ. ಉಳಿದ ಹೊತ್ತೆಲ್ಲ ಕಾವಲು.

ಮಗಳು ಅಳಿಯ ಆ ಕೊಳವನ್ನು ಬಯಸಿ ಕಟ್ಟಿಸಿದವರಲ್ಲ. ಮನೆ ಕೊಂಡಾಗ ಗೋಡೆ, ಮಾಡು, ಒಲೆಗಳ ಜೊತೆಗೆ ಅದೂ ಬಂತು. ಮಾರಿದ ಮುದುಕ ದಂಪತಿಗಳು ಬೀಗದ ಕೈಯೊಡನೆ ಮೀನಿನ ಆಹಾರದ ಡಬ್ಬಿಯೊಂದನ್ನು ಕೊಟ್ಟು, "ಏಳು ಇವೆ" ಎಂದಷ್ಟೇ ಹೇಳಿ ಹೋದರಂತೆ. ಏಳಕ್ಕೂ ಹೆಸರಿಟ್ಟವಳು ಮೊಮ್ಮಗಳು. ಮೈಯೆಲ್ಲ ಬೆಳ್ಳಗಿದ್ದು ನೆತ್ತಿಯ ಮೇಲೆ ಮಾತ್ರ ಕೆಂಪು ಬೊಟ್ಟಿದ್ದದ್ದು ಕುಂಕುಮ. ಹಳದಿಯದು ಅರಿಶಿನ. ಎಲ್ಲಕ್ಕಿಂತ ದೊಡ್ಡದಾಗಿ, ನಿಧಾನವಾಗಿ, ಯಾರು ಕರೆದರೂ ತಿರುಗದೆ ಈಜುತ್ತಿದ್ದ ಕಿತ್ತಳೆ ಬಣ್ಣದ ಮೀನಿಗೆ 'ತಾತ' ಎಂದು ಹೆಸರು. ನಾನು ಅಲ್ಲಿಗೆ ಹೋಗುವ ಮೊದಲೇ ಇಟ್ಟ ಹೆಸರಾದ್ದರಿಂದ ಅದರಲ್ಲಿ ಯಾವ ದುರುದ್ದೇಶವೂ ಇರಲಿಲ್ಲವೆಂದು ಮಗಳು ಮತ್ತೆ ಮತ್ತೆ ಹೇಳಿದಳು.

ಈ ಮೀನಿಗೆ ಕೋಯಿ ಎನ್ನುತ್ತಾರೆ. ಜಪಾನೀ ಭಾಷೆಯಲ್ಲಿ ಅದರ ಅರ್ಥ ಗೆಂಡೆ ಮೀನು ಎಂದಷ್ಟೇ. ಜಪಾನಿನ ನೀಗಾಟ ಸೀಮೆಯ ಗುಡ್ಡಗಾಡಿನಲ್ಲಿ ಬತ್ತ ಬೆಳೆಯುವ ರೈತರು ಊಟಕ್ಕೆಂದು ಕಪ್ಪು ಗೆಂಡೆಗಳನ್ನು ಸಾಕುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅವುಗಳ ನಡುವೆ ಎಲ್ಲೋ ಒಂದೊಂದು ಕೆಂಪು, ಒಂದೊಂದು ಬಿಳಿ ಹುಟ್ಟಿದ್ದನ್ನು ಕಂಡು, ಅವನ್ನು ಬಾಣಲೆಗೆ ಹಾಕಲು ಮನಸ್ಸು ಬಾರದೆ ಬೇರೆ ಇಟ್ಟರು, ಒಂದಕ್ಕೊಂದು ಕೂಡಿಸಿದರು. 1914ರಲ್ಲಿ ಟೋಕಿಯೋ ನಗರದ ವಸ್ತುಪ್ರದರ್ಶನಕ್ಕೆ ಅವು ಬಂದ ಮೇಲೆ ಲೋಕಕ್ಕೆಲ್ಲ ಹಬ್ಬಿದವು. ಇಷ್ಟು ಚರಿತ್ರೆಯನ್ನು ಅಳಿಯ ಊಟದ ಮೇಜಿನಲ್ಲಿ ಹೇಳಿದಾಗ ನನಗೆ ನೆನಪಾದದ್ದು ಶೃಂಗೇರಿ. ಅಲ್ಲಿ ತುಂಗೆಯ ಸೋಪಾನದ ಮೇಲೆ ಕುಳಿತು ಪುರಿ ಎರಚಿದರೆ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ. ಅಷ್ಟು ದೊಡ್ಡ ಮೀನುಗಳು, ಅಷ್ಟು ಲೆಕ್ಕದಲ್ಲಿ. ಆದರೆ ಪುರಿ ಮುಗಿದು ಅರೆ ಗಳಿಗೆಯಾದರೆ ಅಲ್ಲಿ ಮೀನಿದ್ದದ್ದೇ ಸುಳ್ಳೇನೋ ಎನ್ನಿಸುವಂತೆ ನದಿ ಖಾಲಿಯಾಗುತ್ತದೆ. ಅವುಗಳ ಬೆನ್ನಿಗೆ ಹೊಳೆಯ ಬಣ್ಣ. ಮೇಲಿನಿಂದ ನೋಡುವ ಹದ್ದಿಗೆ ಕಾಣುವುದು ನೀರೇ. ಕೋಯಿಯನ್ನು ಮನುಷ್ಯ ಮಾಡಿಕೊಂಡಿರುವುದೇ ಮೇಲಿನಿಂದ ನೋಡುವುದಕ್ಕಾಗಿ. ಒಳ್ಳೆಯ ಕೋಯಿಯನ್ನು ಆರಿಸುವವರು ಅದರ ಬೆನ್ನನ್ನು ನೋಡಿಯೇ ಬೆಲೆ ಕಟ್ಟುವುದು. ನಮ್ಮ ಕಣ್ಣಿಗೆ ಚೆನ್ನಾಗಿ ಬೀಳುವುದು ಇತರರ ಕಣ್ಣಿಗೂ ಬೀಳುತ್ತದೆಂಬುದು ಆ ರೈತರಿಗೆ ಹೊಳೆಯದಿದ್ದೀತೇ? ಹೊಳೆದಿದ್ದರೂ ಬಣ್ಣ ಬಿಡುವ ಮನಸ್ಸಾಗಿರಲಾರದು.

ನಾನು ಹೋದ ಎರಡನೆಯ ವಾರವೇ ಒಂದು ಬೆಳಿಗ್ಗೆ ಕೊಳದ ಸುತ್ತ ರಣರಂಗ. ತಾವರೆಯ ಕುಂಡ ಮಗುಚಿತ್ತು; ದಡದ ಕಲ್ಲುಗಳು ಒಳಗೆ ಉರುಳಿದ್ದವು; ಹುಲ್ಲಿನ ಮೇಲೆ ನಾಣ್ಯದಂಥ ಪೊರೆಗಳು ಹೊಳೆಯುತ್ತಿದ್ದವು. ಎಣಿಸಿದರೆ ಆರು. ಪಕ್ಕದ ಮನೆಯ ಅಮೆರಿಕದ ಮುದುಕರು ಬೇಲಿಯ ಆಚೆಯಿಂದಲೇ ನೋಡಿ ತೀರ್ಪು ಕೊಟ್ಟರು: "ರಕೂನ್. ಹೆರಾನ್ ಹಕ್ಕಿ ಬಂದಿದ್ದರೆ ಇಷ್ಟು ಗಲೀಜು ಮಾಡುತ್ತಿರಲಿಲ್ಲ. ಅದು ಮರ್ಯಾದಸ್ತ. ನುಂಗಿ, ಕೊಕ್ಕು ಒರೆಸಿಕೊಂಡು ಹೊರಟುಬಿಡುತ್ತದೆ." ಹತ್ತು ದಿನದ ಮೇಲೆ ಇನ್ನೊಂದು ಮೀನು ಹೋಯಿತು. ಈ ಸಲ ಒಂದು ಎಲೆಯೂ ಕದಲಿರಲಿಲ್ಲ. ಅರಿಶಿನದ ಬೆನ್ನ ಮೇಲೆ ಮಾತ್ರ ಈಟಿಯಿಂದ ತಿವಿದಂಥ ಗಾಯ. ಮರ್ಯಾದಸ್ತರೂ ಬಂದು ಹೋಗಿದ್ದರು.

ರಕೂನ್ ನಮ್ಮ ದೇಶದ ಪ್ರಾಣಿಯಲ್ಲ. ಅದಕ್ಕೆ ಕನ್ನಡದಲ್ಲಿ ಹೆಸರಿಲ್ಲ. ದಪ್ಪ ಬೆಕ್ಕಿಗೆ ಕರಡಿಯ ನಡಿಗೆ ಕೊಟ್ಟು, ಬಾಲಕ್ಕೆ ಬಳೆ ತೊಡಿಸಿ, ಕಣ್ಣಿನ ಸುತ್ತ ಕಾಡಿಗೆ ಬಳಿದರೆ ಹೇಗಿದ್ದೀತೋ ಹಾಗಿರುತ್ತದೆ. ರಕೂನ್ ಎಂಬ ಮಾತೂ ಇಂಗ್ಲಿಷರದಲ್ಲ. ವರ್ಜೀನಿಯ ಸೀಮೆಯ ಮೂಲನಿವಾಸಿಗಳಾದ ಪೌಹಾಟನ್ ಜನರಿಂದ ಪಡೆದದ್ದು. ಕೈಯಿಂದ ಉಜ್ಜುವುದು, ಕೆರೆಯುವುದು ಎಂದು ಅದರ ಭಾವ. ಜರ್ಮನರೂ ಜಪಾನೀಯರೂ ಅದನ್ನು 'ತೊಳೆಯುವ ಕರಡಿ' ಎಂದು ಕರೆಯುತ್ತಾರೆ. ಲಿನೇಯಸ್ ಪಂಡಿತನು 1758ರಲ್ಲಿ ಅದಕ್ಕೆ ಕೊಟ್ಟ ಲ್ಯಾಟಿನ್ ಹೆಸರಿನ ಅರ್ಥವೂ ಅದೇ. ತಿನ್ನುವ ಮೊದಲು ಆಹಾರವನ್ನು ನೀರಿನಲ್ಲಿ ಅದ್ದಿ ಅದ್ದಿ ಉಜ್ಜುವುದನ್ನು ಕಂಡು ಹುಟ್ಟಿದ ಹೆಸರುಗಳು. ಮಡಿವಂತ ಪ್ರಾಣಿಯೆಂದು ನಾನೂ ಮೆಚ್ಚಿಕೊಂಡಿದ್ದೆ. ಆದರೆ ಅದು ತೊಳೆಯುವುದಲ್ಲವಂತೆ. ಅದರ ಮುಂಗೈಯ ಚರ್ಮದಲ್ಲಿ ಸ್ಪರ್ಶದ ನರಗಳು ಹೇರಳ. ನೀರು ತಾಕಿದರೆ ಆ ಚರ್ಮ ಮೆತ್ತಗಾಗಿ ಇನ್ನೂ ಸೂಕ್ಷ್ಮವಾಗುತ್ತದೆ. ನಾವು ಕಣ್ಣಿನಿಂದ ನೋಡುವುದನ್ನು ಅದು ಕೈಯಿಂದ ನೋಡುತ್ತದೆ.

ಜುಲೈ ಕೊನೆಯ ಒಂದು ರಾತ್ರಿ ಅಡಿಗೆಮನೆಯ ಕಿಟಕಿಯಿಂದ ಇದನ್ನು ಕಣ್ಣಾರೆ ಕಂಡೆ. ತಾಯಿ ರಕೂನ್ ಒಂದು, ಹಿಂದೆ ಮೂರು ಮರಿಗಳು. ತಾಯಿ ಕೊಳದ ಅಂಚಿನ ಮೆಟ್ಟಿಲಿನ ಮೇಲೆ, ಹೊಟ್ಟೆ ಮುಟ್ಟುವಷ್ಟು ನೀರಿನಲ್ಲಿ ನಿಂತು, ಮುಖವನ್ನು ಆಕಾಶದ ಕಡೆಗೆ ಎತ್ತಿ, ಎರಡು ಕೈಗಳನ್ನೂ ಮುಳುಗಿಸಿ ತಡವುತ್ತಿತ್ತು. ಅಕ್ಕಿ ಆರಿಸುತ್ತ ಬೇರೇನನ್ನೋ ಯೋಚಿಸುವ ಹೆಂಗಸರ ಮುಖ ಹೇಗಿರುತ್ತದೆಯೋ ಹಾಗಿತ್ತು ಅದರ ಮುಖ. ಮರಿಗಳು ದಡದಲ್ಲಿ ಸಾಲಾಗಿ ಕುಳಿತು ಅದನ್ನೇ ನೋಡುತ್ತಿದ್ದವು. ಅವುಗಳಲ್ಲಿ ಒಂದು ತಾನೂ ಕೈ ಹಾಕಿ ತಣ್ಣಗಾಯಿತೇನೋ ಎಂಬಂತೆ ಹಿಂದೆಗೆಯಿತು. ದೀಪ ಹಾಕಿ ಗದರಬೇಕಾದದ್ದು ನನ್ನ ಕೆಲಸ. ಗದರಿದೆ, ಆದರೆ ಒಂದು ನಿಮಿಷ ತಡೆದು.

ಹೆರಾನ್ ಹಕ್ಕಿಯ ಪರಿಚಯ ನಮಗೆ ಬೇಕಿಲ್ಲ. ಅದು ನಮ್ಮ ಬೂದು ಬಕನ ಅಣ್ಣ. ನಾಲ್ಕು ಅಡಿ ಎತ್ತರ, ತೂಕ ಮಾತ್ರ ಎರಡು ಎರಡೂವರೆ ಕಿಲೋ. ಬಕಧ್ಯಾನ ಎಂಬ ಮಾತನ್ನು ಕೊಟ್ಟ ಭಾಷೆ ನಮ್ಮದು. ಈ ಹಕ್ಕಿ ಕೊಳದ ಬಳಿ ಅಲುಗದೆ ನಿಂತದ್ದನ್ನು ನೋಡಿದಾಗ ಪಂಚತಂತ್ರದ ಬಕನ ಕಥೆಯನ್ನು ಮೊಮ್ಮಗಳಿಗೆ ಹೇಳಿದೆ. ಮೀನುಗಳನ್ನು ಕಾಪಾಡುತ್ತೇನೆಂದು ನಂಬಿಸಿ ಒಂದೊಂದಾಗಿ ಹೊತ್ತೊಯ್ದು ತಿಂದ ಬಕ, ಕೊನೆಗೆ ಏಡಿಯ ಕೊಂಡಿಗೆ ಸಿಕ್ಕಿ ಕೊರಳು ಕಳೆದುಕೊಂಡದ್ದು. ಅವಳು ಕೂಡಲೆ ಏಡಿ ತಂದುಕೊಡಿ ಎಂದು ಹಟ ಹಿಡಿದಳು. ಏಡಿಯೇನೋ ಸಿಗುತ್ತದೆ, ಆದರೆ ಅಲ್ಲಿ ಬಕನಿಗೆ 1918ರಿಂದಲೂ ಕಾನೂನಿನ ಆಶ್ರಯವಿದೆ. ವಲಸೆ ಹಕ್ಕಿಗಳ ರಕ್ಷಣೆಯ ಆ ಕಾಯಿದೆಯ ಪ್ರಕಾರ ಅಪ್ಪಣೆಯಿಲ್ಲದೆ ಅದನ್ನು ಕೊಲ್ಲುವುದಾಗಲಿ ಹಿಡಿಯುವುದಾಗಲಿ ಅಪರಾಧ. ಏಡಿ ಕಟಕಟೆ ಹತ್ತಬೇಕಾದೀತು.

ಅಳಿಯ ಯಂತ್ರಶಾಸ್ತ್ರ ಓದಿದವನು; ಉಪಾಯಗಳಿಗೆ ಕೊರತೆಯಿಲ್ಲ. ಮೊದಲು ಪ್ಲಾಸ್ಟಿಕ್ಕಿನ ಹೆರಾನ್ ಒಂದನ್ನು ತಂದು ದಡದಲ್ಲಿ ನೆಟ್ಟ. ಒಂದು ಬಕ ಇರುವಲ್ಲಿಗೆ ಇನ್ನೊಂದು ಬರುವುದಿಲ್ಲವೆಂಬುದು ಅಂಗಡಿಯವರ ವಾದ. ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ನಿಜವಾದ ಬಕ ಅದರ ಪಕ್ಕದಲ್ಲೇ ನಿಂತಿತ್ತು. ಎರಡರಲ್ಲಿ ಯಾವುದು ಹೆಚ್ಚು ನಿಶ್ಚಲವೆಂದು ಹೇಳುವುದು ಕಷ್ಟವಾಗಿತ್ತು. ಅನಂತರ ಬಂದದ್ದು, ಎದುರಿಗೆ ಏನು ಕದಲಿದರೂ ನೀರು ಚಿಮ್ಮುವ ಯಂತ್ರ. ಇದು ಕೆಲಸ ಮಾಡುವ ಉಪಾಯವೇ. ಅದಕ್ಕೆ ಸಾಕ್ಷಿ ನಾನು. ಬೆಳಗಿನ ಜಾವ ಪೂಜೆಗೆಂದು ನಾಲ್ಕು ಗುಲಾಬಿ ಬಿಡಿಸಲು ಹೋದವನಿಗೆ ಅಯಾಚಿತವಾಗಿ ಎರಡನೆಯ ಸ್ನಾನವಾಯಿತು. ಬಕ ಅದಕ್ಕೆ ಬೆದರಿತು. ರಕೂನ್ ಮೂರು ರಾತ್ರಿ ಬೆದರಿ, ನಾಲ್ಕನೆಯ ರಾತ್ರಿ ಯಂತ್ರದ ಹಿಂಭಾಗದಿಂದ ಬಂತು. ಕೊಳದ ಮೇಲೆ ಬಲೆ ಹೊದಿಸಿದರೆ, ನಾವು ಚಾಪೆಯ ಕೆಳಗೆ ತೂರಿದರೆ ಅದು ರಂಗೋಲಿಯ ಕೆಳಗೆ ತೂರಿತು. ಅಂಚಿನ ಕಲ್ಲು ಸರಿಸಿ ಬಲೆಯನ್ನು ಮಡಿಸಿಟ್ಟು ಹೋಗಿತ್ತು. ವಿದ್ಯುತ್ತಿನ ತಂತಿಬೇಲಿಯ ಮಾತು ಬಂತು. ಮನೆಯಲ್ಲಿ ಆರು ವರ್ಷದ ಮಗುವಿದೆಯೆಂದು ಮಗಳು ಆ ಮಾತನ್ನು ಅಲ್ಲಿಗೇ ನಿಲ್ಲಿಸಿದಳು.

ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟು ಬಂದರಾಯಿತಲ್ಲ ಎಂದು ನಾನು ಕೇಳಿದೆ. ನಮ್ಮಲ್ಲಿ ಕೋತಿಗಳಿಗೆ ಅದನ್ನೇ ಮಾಡಿ, ಪಕ್ಕದ ಊರಿನವರ ಶಾಪಕ್ಕೆ ಗುರಿಯಾಗುತ್ತೇವೆ. "ಇಲ್ಲಿ ಅದಕ್ಕೂ ಕಾನೂನಿದೆ ಮಾವ" ಎಂದ ಅಳಿಯ. ರಕೂನ್‌ಗಳಿಂದ ಹುಚ್ಚುನಾಯಿ ರೋಗ ಹರಡುವುದರಿಂದ ಅವನ್ನು ಹಿಡಿದು ಬೇರೆಡೆ ಬಿಡುವುದು ಆ ದೇಶದ ಹಲವು ರಾಜ್ಯಗಳಲ್ಲಿ ನಿಷಿದ್ಧ. ಹಿಡಿದರೆ ಕೊಲ್ಲಿಸಬೇಕು. ಮೂರು ಮರಿಗಳ ಆ ತಾಯಿಯನ್ನು ನೋಡಿದ ಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ನ್ಯಾಯವಾಗಿ ನೋಡಿದರೆ ಆ ಮಣ್ಣು ಅದರದು. ಮೀನು ಜಪಾನಿನದು, ಮನೆಯವರು ಮೈಸೂರಿನವರು. ಊರಿನ ಹಳೆಯ ಒಕ್ಕಲು ರಕೂನ್ ಒಂದೇ. ತಮಾಷೆಯೆಂದರೆ, ಜಪಾನು ಈ ಬಣ್ಣದ ಮೀನನ್ನು ಅಮೆರಿಕಕ್ಕೆ ಕೊಟ್ಟದ್ದಕ್ಕೆ ಪ್ರತಿಯಾಗಿ ಅಮೆರಿಕದಿಂದ ಅಲ್ಲಿಗೆ ರಕೂನ್ ಹೋಗಿದೆ. 1977ರಲ್ಲಿ ಅಲ್ಲಿನ ಟೆಲಿವಿಷನ್ನಿನಲ್ಲಿ ಮುದ್ದಾದ ರಕೂನ್ ಮರಿಯೊಂದರ ಚಿತ್ರಕಥೆ ಬಂದು, ಮಕ್ಕಳೆಲ್ಲ ತಮಗೂ ಬೇಕೆಂದು ಅತ್ತು, ತಂದೆತಾಯಿಗಳು ತರಿಸಿಕೊಟ್ಟು, ಬೆಳೆದ ಮೇಲೆ ಕಾಟ ತಡೆಯಲಾರದೆ ಕಾಡಿಗೆ ಬಿಟ್ಟರು. ಈಗ ಅಲ್ಲಿನ ರೈತರಿಗೆ ಅದೊಂದು ಪೀಡೆ.

ಕೊನೆಗೆ ಗೆದ್ದದ್ದು ಹಳೆಯ ಉಪಾಯವೇ. ಶತಪಥ ಬ್ರಾಹ್ಮಣದಲ್ಲಿ ಮನುವಿನ ಕೈನೀರಿಗೆ ಬಂದ ಪುಟ್ಟ ಮೀನು ಅವನನ್ನು ಬೇಡಿಕೊಳ್ಳುವುದೇ ಇದನ್ನು: ಚಿಕ್ಕವರಾಗಿರುವಷ್ಟು ದಿನ ನಮಗೆ ಅಪಾಯ ಬಹಳ, ಕಾಪಾಡು. ಮೊದಲು ಮಡಕೆಯಲ್ಲಿಡು, ಬೆಳೆದರೆ ಗುಂಡಿ ತೋಡಿ ಅದರಲ್ಲಿಡು, ಆಮೇಲೆ ಸಮುದ್ರಕ್ಕೆ ಬಿಡು. ಲೋಕದ ಮೊದಲ ಮೀನು ಸಾಕಣೆಗಾರ ಮನುವೇ ಇರಬೇಕು. ಅವನಿಗೆ ಪ್ಲಾಸ್ಟಿಕ್ಕಿನ ಬಕ ಸಿಗುತ್ತಿರಲಿಲ್ಲ. ಆದ್ದರಿಂದ ಪ್ರತಿ ಸಲವೂ ಹೆಚ್ಚು ಆಳವಾದ ನೀರನ್ನೇ ಹುಡುಕಿದ. ಮಗಳ ಮನೆಯ ಕೊಳ ಒಂದೂವರೆ ಅಡಿ ಆಳ. ಸುತ್ತಲೂ ಗಿಡದ ಕುಂಡಗಳನ್ನಿಡಲು ಮೆಟ್ಟಿಲು. ಆ ಮೆಟ್ಟಿಲೇ ರಕೂನಿಗೆ ಮಣೆ, ಬಕನಿಗೆ ಸೋಪಾನ. ಇಬ್ಬರೂ ನಿಂತು ಹಿಡಿಯುವವರು. ಕಾಲೂರಲು ನೆಲ ಬೇಕು. ರಕೂನಿಗೆ ಈಜು ಬರುತ್ತದೆ, ಆದರೆ ಈಜುತ್ತ ಕೋಯಿಯನ್ನು ಹಿಡಿಯುವುದು ಅದರ ಕೈಲಾಗದ ಮಾತು.

ಆಗಸ್ಟಿನಲ್ಲಿ ಐದು ಮೀನುಗಳನ್ನೂ ದೊಡ್ಡ ತೊಟ್ಟಿಯೊಂದಕ್ಕೆ ಹಾಕಿ, ಗಾಳಿಯ ಕೊಳವೆ ಬಿಟ್ಟು, ಮೇಲೆ ಜಾಲರಿ ಮುಚ್ಚಿ ಕಾರಿನ ಕೋಣೆಯಲ್ಲಿಟ್ಟರು. ಅಳಿಯನೂ ಅವನ ಇಬ್ಬರು ಸ್ನೇಹಿತರೂ ಎರಡು ಶನಿವಾರ ಭಾನುವಾರ ಅಗೆದರು. ಆಳ ನಾಲ್ಕು ಅಡಿ, ಗೋಡೆ ಬಾವಿಯಂತೆ ನೆಟ್ಟಗೆ, ಮೆಟ್ಟಿಲಿಲ್ಲ. ತಳದಲ್ಲಿ ಚಪ್ಪಡಿಗಳನ್ನು ಪೇರಿಸಿ ಗವಿಯಂತೆ ಮಾಡಿದರು. ಅಗಲವಾದ ಮಣ್ಣಿನ ಕೊಳವೆಯೊಂದನ್ನು ಅಡ್ಡ ಮಲಗಿಸಿದರು. ಮೇಲೆ ನೈದಿಲೆಯ ಎಲೆಗಳು ಅರ್ಧ ನೀರನ್ನು ಮುಚ್ಚುವಂತೆ ಬಿಟ್ಟರು. ನಲ್ಲಿಯ ನೀರಿನ ಕ್ಲೋರೀನಿಗೆ ಮದ್ದು ಬೆರೆಸಿ, ನೀರು ಹದಕ್ಕೆ ಬಂದ ಮೇಲೆ ಮೀನುಗಳನ್ನು ಬಿಟ್ಟರು.

ಬಿಟ್ಟ ಕ್ಷಣದಲ್ಲಿ ಅವು ಮಾಯವಾದವು. ನಾವೆಲ್ಲ ದಡದ ಸುತ್ತ ಬಗ್ಗಿ ನಿಂತೆವು. ನೀರು ಕಪ್ಪಗಿತ್ತು, ಅದರಲ್ಲಿ ನಮ್ಮ ಮುಖಗಳೇ ಕಾಣುತ್ತಿದ್ದವು. ಮೊಮ್ಮಗಳು ಅಳಲಿಲ್ಲ, ಆದರೆ ಅಪ್ಪನ ಕಡೆ ನೋಡಿದ ನೋಟ ಅಳುವಿಗಿಂತ ಕಡಿಮೆಯದಲ್ಲ. "ನನ್ನ ಮೀನು ಎಲ್ಲಿ?" ಎಂದಳು. ಇವೆ ಎಂದರೆ ಅವಳು ನಂಬಬೇಕಾದರೂ ಹೇಗೆ? ಹಿಂದೆ ಶಾಲೆಯಿಂದ ಬಂದವಳು ಚೀಲ ಎಸೆದು ನೇರವಾಗಿ ಅಲ್ಲಿಗೆ ಓಡಿ, ಕುಂಕುಮ ಎಂದರೆ ಕುಂಕುಮವನ್ನು, ತಾತ ಎಂದರೆ ತಾತನನ್ನು ಬೆರಳಿಟ್ಟು ತೋರಿಸುತ್ತಿದ್ದಳು. ಈಗ ಸಂಜೆ ಆಹಾರ ಹಾಕಿದಾಗ ಕೆಳಗಿನಿಂದ ಒಂದು ಬೆಳಕು ಏಳುವಂತೆ ಅವು ಬಂದು, ಬಾಯಿ ತೆರೆದು, ನುಂಗಿ, ಮತ್ತೆ ಇಳಿದುಬಿಡುತ್ತಿದ್ದವು. ಐದೂ ಒಟ್ಟಿಗೆ ಬರುತ್ತಿರಲಿಲ್ಲ. ಅರಿಶಿನದ ಗಾಯ ಮಾಯಿತೇ ಇಲ್ಲವೇ ಎಂಬುದೂ ಸರಿಯಾಗಿ ತಿಳಿಯಲಿಲ್ಲ. ನನಗೆ ಮಾತ್ರ ಅದು ತುಂಗೆಯನ್ನು ನೆನಪಿಗೆ ತಂದು ಸಮಾಧಾನವಾಗುತ್ತಿತ್ತು. ಹುಡುಗಿ ತುಂಗೆಯನ್ನು ನೋಡಿದವಳಲ್ಲ.

ಅಕ್ಟೋಬರಿನಲ್ಲಿ ನನ್ನ ಆರು ತಿಂಗಳು ಮುಗಿದು ಊರಿಗೆ ಬಂದೆ. ನೀರಿನ ಶಾಖ ಹತ್ತು ಡಿಗ್ರಿಗಿಂತ ಇಳಿದರೆ ಕೋಯಿಗಳಿಗೆ ಅನ್ನ ಅರಗುವುದಿಲ್ಲ, ಆಹಾರ ನಿಲ್ಲಿಸಬೇಕು. ಅವು ತಳ ಸೇರಿ ಚಳಿಗಾಲವೆಲ್ಲ ಅಲುಗದೆ ಇರುತ್ತವೆ. ಆದ್ದರಿಂದ ಆ ಸಂಜೆಯ ಭೇಟಿಯೂ ನಿಂತಿತು. ಜನವರಿಯಲ್ಲಿ ಫೋನಿನಲ್ಲಿ ಕೇಳಿದೆ: ಮೇಲೆ ಮಂಜುಗಡ್ಡೆ ಕಟ್ಟಿದೆ, ಗಾಳಿಯಾಡಲೆಂದು ನಡುವೆ ಒಂದು ತೂತು ಉಳಿಸಿಕೊಂಡಿದ್ದೇವೆ ಎಂದಳು ಮಗಳು. ಫೋನು ಮೊಮ್ಮಗಳ ಕೈಗೆ ಹೋಯಿತು.

"ಎಷ್ಟಿವೆ ಪುಟ್ಟಿ?"

"ಐದು ಇರಬೇಕು ತಾತ" ಎಂದಳು. ಆಮೇಲೆ, ಹಿಂದಿನ ರಾತ್ರಿ ಹಿಮ ಬಿದ್ದಿತ್ತೆಂದೂ, ಬೆಳಿಗ್ಗೆ ನೋಡಿದರೆ ಅದರ ಮೇಲೆ ಐದೈದು ಬೆರಳಿನ ಪುಟ್ಟ ಹೆಜ್ಜೆಗಳು ಆ ತೂತಿನ ತನಕ ಹೋಗಿ, ಒಂದು ಸುತ್ತು ಹಾಕಿ, ಬೇಲಿಯ ಕಡೆಗೆ ವಾಪಸು ಬಂದಿದ್ದವೆಂದೂ ಹೇಳಿದಳು.