ಬಾಗಿಲ ತನಕ ಬಂದವರು

ಅಕ್ಕನ ಮಗಳು ಥಾಯ್ಲೆಂಡಿನ ಈಶಾನ್ಯಕ್ಕಿರುವ ಉದೋನ್ ಥಾನಿ ಪ್ರಾಂತ್ಯದಲ್ಲಿ ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಪ್ರತಿ ಭಾನುವಾರ ಸಂಜೆ ಮೊದಲು ಹುಕ್ಕೇರಿಯಲ್ಲಿರುವ ಅವ್ವನಿಗೆ ಫೋನು, ಆಮೇಲೆ ಬೆಂಗಳೂರಿನಲ್ಲಿರುವ ನನಗೆ. ಅವ್ವನ ಜೊತೆಗಿನ ಮಾತು ಯಾವಾಗಲೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: "ಊರಿಗಿ ಯಾವಾಗ ಬರ್ತಿ?" ಅದಕ್ಕೆ ಉತ್ತರ ಹೇಳಿ ದಣಿದವಳು ನನ್ನ ಹತ್ತಿರ ಅಲ್ಲಿನ ಮಂದಿಯ ಸುದ್ದಿ ಹೇಳುತ್ತಾಳೆ.

ಅವಳಿರುವುದು ಒಂದು ಹಳ್ಳಿಯಲ್ಲಿ. ಸುತ್ತ ಭತ್ತದ ಗದ್ದೆ, ನಡುವೆ ಒಂದು ಬೌದ್ಧ ವಿಹಾರ, ದಿನಕ್ಕೆ ಮೂರು ಹೊತ್ತೂ ಅಂಟು ಅನ್ನ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಇಂಗ್ಲಿಷ್ ಮುದುಕ ಇದ್ದಾನೆ. ಅವರ ದೇಶದಲ್ಲಿ ಬಸ್ಸು ಓಡಿಸುತ್ತಿದ್ದನಂತೆ. ಆ ಹಳ್ಳಿಯ ಹೆಣ್ಣನ್ನು ಮದುವೆಯಾಗಿ ಹದಿನೈದು ವರ್ಷದಿಂದ ಅಲ್ಲೇ ಇದ್ದಾನೆ. ಊರವರು ಅವನನ್ನು 'ಫರಂಗ್' ಅನ್ನುತ್ತಾರೆ ಎಂದಾಗ ನಾನು ನಕ್ಕೆ. ನಮ್ಮ ಫರಂಗಿಯೇ ಅದು. ಫ್ರಾಂಕರೆಂಬ ಹೆಸರು ಅರಬರ, ಪರ್ಶಿಯನ್ನರ ಬಾಯಿಂದ ಹೊರಟು ನಮ್ಮಲ್ಲಿಗೂ ಬಂತು, ಅಲ್ಲಿಗೂ ಹೋಯಿತು. ಇನ್ನೊಂದು ತಮಾಷೆ ಎಂದರೆ, ಥಾಯ್ ಭಾಷೆಯಲ್ಲಿ ಪೇರಲ ಹಣ್ಣಿಗೂ 'ಫರಂಗ್' ಎಂದೇ ಹೆಸರು. ಮೈಸೂರು ಕಡೆಯವರು ಪಪ್ಪಾಯಿಗೆ ಪರಂಗಿ ಹಣ್ಣು ಅನ್ನುವಂತೆ. ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದ ಹಣ್ಣುಗಳು. ಬಂದವು, ಹಿತ್ತಲಲ್ಲಿ ಬೇರು ಬಿಟ್ಟವು, ಹೆಸರಲ್ಲಿ ಮಾತ್ರ ಪರದೇಶ ಉಳಿಸಿಕೊಂಡವು.

"ಮಾಮಾ, ಆ ಮುದುಕ ಈ ಊರಾವ ಆಗ್ಯಾನೋ ಇಲ್ಲೋ ಹೇಳು ನೋಡೋಣ" ಎಂದು ಒಂದು ಸಲ ಕೇಳಿದಳು. ಅವಳ ಪ್ರಶ್ನೆಗೆ ನನಗೆ ನೆನಪಾದದ್ದು ಗೋಕಾಕ್ ಫಾಲ್ಸಿನ ಸಾಹೇಬರು.

ನಾನು ಹುಟ್ಟಿದ್ದು ಗೋಕಾಕ್ ಫಾಲ್ಸಿನ ಮಿಲ್ಲಿನ ಚಾಳಿನಲ್ಲಿ. ಘಟಪ್ರಭೆ ಅಲ್ಲಿ 52 ಮೀಟರು ಕೆಳಗೆ ಧುಮುಕುತ್ತಾಳೆ. ಮಳೆಗಾಲದಲ್ಲಿ ಕೆಂಪು ನೀರು, ಕಿವಿಗಡಚಿಕ್ಕುವ ಸದ್ದು. ಬೇಸಿಗೆಯಲ್ಲಿ ಬರೀ ಕರಿ ಬಂಡೆ. ಪಕ್ಕದಲ್ಲಿ ಚಾಲುಕ್ಯರ ಕಾಲದ ಗುಡಿಗಳು, ಮೇಲೆ ಸುಮಾರು 200 ಮೀಟರು ಉದ್ದದ ತೂಗುಸೇತುವೆ, ದಂಡೆಯ ಮೇಲೆ ನೂಲಿನ ಗಿರಣಿ. ಗಿರಣಿಯ ಕಂಪನಿ ಹುಟ್ಟಿದ್ದು 1885ರಲ್ಲಿ. ನಡೆಸುತ್ತಿದ್ದದ್ದು ಮುಂಬಯಿಯ ಫೋರ್ಬ್ಸ್ ಕಂಪನಿ. ಜಾನ್ ಫೋರ್ಬ್ಸ್ ಎಂಬ ಸ್ಕಾಟ್ಲೆಂಡಿನವನು 1767ರಲ್ಲಿ ಆರಂಭಿಸಿದ ವ್ಯಾಪಾರ ಅದು. 1887ರಷ್ಟು ಹಿಂದೆಯೇ ನಮ್ಮ ಜಲಪಾತದ ನೀರಿನಿಂದ ವಿದ್ಯುತ್ತು ತಯಾರಾಯಿತು ಎಂಬುದು ನಮ್ಮ ಕಡೆಯವರು ಇಂದಿಗೂ ಎದೆಯುಬ್ಬಿಸಿ ಹೇಳುವ ಮಾತು. ಮಿಲ್ಲಿನ ಭೋಂಗಾ ಕೂಗಿದಾಗ ಬೆಳಗು, ಮತ್ತೆ ಕೂಗಿದಾಗ ಪಾಳಿ ಬದಲು. ಗಡಿಯಾರ ಯಾರ ಮನೆಯಲ್ಲೂ ಬೇಕಿರಲಿಲ್ಲ.

ಅಜ್ಜ ಆ ಮಿಲ್ಲಿನಲ್ಲಿ ನೂಲು ಮುಟ್ಟಿದವನಲ್ಲ. ಸಾಹೇಬರ ಬಂಗಲೆಯಲ್ಲಿ ಮಾಲಿಯಾಗಿದ್ದ. ಮೂಡಲಗಿ ಕಡೆಯ ಹಳ್ಳಿಯವನು. ಮೂಡಲಗಿ ಆಗ ಗೋಕಾಕ ತಾಲೂಕಿನಲ್ಲೇ ಇತ್ತು. ಎರಡು ಸಲ ಮಳೆ ಕೈಕೊಟ್ಟ ಮೇಲೆ ಇದ್ದ ಎರಡೆಕರೆ ಎರೆಹೊಲ ಸಾಲಕ್ಕೆ ಹೋಯಿತು. ಗಂಟು ಹೊತ್ತು ಫಾಲ್ಸಿಗೆ ಬಂದ. ಆಯಿ ಹುಕ್ಕೇರಿ ಕಡೆಯವಳು. ಚಾಳಿನ ಪ್ರತಿ ಮನೆಯ ಕಥೆಯೂ ಹೆಚ್ಚುಕಡಿಮೆ ಇದೇ. ಎಲ್ಲರೂ ಎಲ್ಲಿಂದಲೋ ಬಂದವರು. ಯಾರ ಮನೆಯೂ ಅವರ ಸ್ವಂತದ್ದಲ್ಲ. ಈ ಲೆಕ್ಕದಲ್ಲಿ ಸಾಹೇಬರೂ ಅಷ್ಟೇ: ಅವರ ಬಂಗಲೆಯೂ ಕಂಪನಿಯದೇ.

ಸ್ವಾತಂತ್ರ್ಯ ಬರುವ ಮುಂಚಿನ ಆ ದಿನಗಳನ್ನು ಅಜ್ಜ ಮತ್ತೆ ಮತ್ತೆ ಹೇಳುತ್ತಿದ್ದ. ಅವನ ಸಾಹೇಬ ಫಾಲ್ಸಿನಲ್ಲಿ ಹದಿನೆಂಟು ವರ್ಷ ಇದ್ದನಂತೆ. ಗೋವಾದ ಬಟ್ಲರ, ಬೆಳಗಾವಿಯ ಕಂಟೋನ್ಮೆಂಟಿನಿಂದ ರೈಲಿನಲ್ಲಿ ಬರುವ ಬ್ರೆಡ್ಡು, ಬೇಸಿಗೆಯಲ್ಲಿ ಬಾಗಿಲಿಗೆ ಲಾವಂಚದ ತಟ್ಟಿ, ಅದಕ್ಕೆ ತಾಸಿಗೊಮ್ಮೆ ನೀರು ಹೊಡೆಯುವ ಹುಡುಗ. ಮೇಮ್‌ಸಾಹೇಬಳಿಗೆ ತಮ್ಮೂರಿನ ಹೂವು ಬೇಕು. ಹಡಗಿನಲ್ಲಿ ಬಂದ ಬೀಜವನ್ನು ಅಜ್ಜ ಬಿತ್ತುತ್ತಿದ್ದ. ಚಳಿಗಾಲದಲ್ಲಿ ಎರಡು ತಿಂಗಳು ಅರಳಿ, ಶಿವರಾತ್ರಿ ದಾಟಿದ್ದೇ ತಡ ಸುಟ್ಟಂತೆ ಬಾಡಿ ಹೋಗುತ್ತಿದ್ದವು. ಮರುವರ್ಷ ಮತ್ತೆ ಬೀಜ, ಮತ್ತೆ ಝಾರಿ ಹಿಡಿದು ಅಜ್ಜ.

"ಸಾಹೇಬಗ ಕನ್ನಡ ಬರ್ತಿತ್ತೇನಜ್ಜ?" ಎಂದು ಕೇಳಿದರೆ ಅಜ್ಜ ಬೆರಳು ಮಡಚಿ ಎಣಿಸುತ್ತಿದ್ದ. ಬಾ. ಹೋಗು. ತಗೊಂಡ್ ಬಾ. ಲಗೂ. ಸಾಕು. ನಾಳೆ. ಹದಿನೆಂಟು ವರ್ಷದಲ್ಲಿ ಅವನು ಕಲಿತ ಕನ್ನಡವೆಲ್ಲ ಅಪ್ಪಣೆಯ ಕನ್ನಡ. ಅಜ್ಜನ ಇಂಗ್ಲಿಷು ಅದಕ್ಕೆ ಜೋಡಿ: 'ಯೆಸ್ ಸಾರ್', 'ಗುಡ್ ಮಾರ್ನಿಂಗ್', 'ಫಿನಿಶ್'. ಇಬ್ಬರ ಕೆಲಸಕ್ಕೂ ಅಷ್ಟು ಸಾಕಾಗುತ್ತಿತ್ತು.

ಆದರೆ ಒಂದು ದಿನ ಅಷ್ಟು ಸಾಕಾಗಲಿಲ್ಲ.

ಅಪ್ಪನಿಗೆ ಒಬ್ಬಳು ಅಕ್ಕ ಇದ್ದಳು. ಅಪ್ಪ ಹುಟ್ಟುವ ಮೊದಲೇ, ನಾಲ್ಕನೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡಳು. ಆ ಕೂಸು ಬಂಗಲೆಯ ತೋಟದಲ್ಲಿ ಅಜ್ಜನ ಹಿಂದೆ ಓಡಾಡುತ್ತಿದ್ದದ್ದು, ಮೇಮ್‌ಸಾಹೇಬಳು ಕರೆದು ಬಿಸ್ಕೀಟು ಕೊಡುತ್ತಿದ್ದದ್ದು ಚಾಳಿನವರಿಗೆಲ್ಲ ಗೊತ್ತಿತ್ತು. ಸುದ್ದಿ ಬಂಗಲೆಗೆ ಮುಟ್ಟಿತು. ಸಾಹೇಬ ಎರಡು ದಿನ ರಜೆ ಕೊಟ್ಟ, ಬಟ್ಲರನ ಕೈಯಲ್ಲಿ ರೊಕ್ಕ ಕಳಿಸಿದ. ಮಧ್ಯಾಹ್ನ ಮೇಮ್‌ಸಾಹೇಬಳು ಒಬ್ಬಳೇ ಬಿಸಿಲಿನಲ್ಲಿ ನಡೆದುಕೊಂಡು ಚಾಳಿಗೆ ಬಂದಳು. ಬಾಗಿಲ ತನಕ ಬಂದು ನಿಂತಳು. ಒಳಗೆ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಸ್ವಲ್ಪ ಹೊತ್ತು ನಿಂತಳು. ಆಮೇಲೆ ತಿರುಗಿ ಹೋದಳು.

ಆಯಿ ಇದನ್ನು ನಮಗೆ ಹೇಳಿದ್ದು ಅಜ್ಜ ತೀರಿಕೊಂಡ ಮೇಲೆ. ಸಿಟ್ಟಿನಿಂದ ಹೇಳಲಿಲ್ಲ. "ಬಾಗಲತನಕ ಬಂದಿದ್ಲು ಪಾಪ. ಒಳಗ ಬರಾಕ ಆಕಿಗಿ ಗೊತ್ತಾಗ್ಲಿಲ್ಲ. ಕರ್ಯಾಕ ನಮಗೂ ಗೊತ್ತಾಗ್ಲಿಲ್ಲ" ಅಂದಳು.

ಈ ಮಾತನ್ನು ನಾನು ಬಹಳ ವರ್ಷ ಸಾಹೇಬರ ಮೇಲಿನ ದೂರಾಗಿಯೇ ಇಟ್ಟುಕೊಂಡಿದ್ದೆ. ಕಾಲೇಜಿನಲ್ಲಿ ವಸಾಹತುಶಾಹಿಯ ಬಗ್ಗೆ ಓದುವಾಗ ಅದು ಬಹಳ ಕೆಲಸಕ್ಕೆ ಬಂತು. ನೋಡಿ, ಹದಿನೆಂಟು ವರ್ಷ ಇದ್ದೂ ಹೊಸ್ತಿಲು ದಾಟಲಿಲ್ಲ ಎಂದು ಭಾಷಣ ಮಾಡುತ್ತಿದ್ದೆ. ಯಾರೋ ಒಬ್ಬರು ಸುರಪುರದ ಮೆಡೋಸ್ ಟೇಲರನ ಹೆಸರು ತೆಗೆದು ವಾದಕ್ಕೆ ನಿಂತರು. ಟೇಲರ್ 1841ರಲ್ಲಿ ಸುರಪುರಕ್ಕೆ ಬಂದು 1853ರ ತನಕ ಇದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಇದೆ. ಅವನು ಇಲ್ಲಿಯ ಭಾಷೆ ಕಲಿತ, ಮಂದಿಯ ಜೊತೆ ಬೆರೆತ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಸಾಹೇಬರೆಲ್ಲ ಒಂದೇ ಅಲ್ಲ ಎಂಬುದು ಅವರ ವಾದ. ನಿಜ. ಆದರೆ 1858ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು, ಸೋತು ಸೆರೆಯಾದಾಗ, ಟೇಲರ್ ಅವನನ್ನು ನೋಡಲು ಹೋದದ್ದು ಸೆರೆಹಿಡಿದ ಸರಕಾರದ ಅಧಿಕಾರಿಯಾಗಿ. ಅತ್ತನಂತೆ, ಶಿಕ್ಷೆ ಕಡಿಮೆಯಾಗಲೆಂದು ಪ್ರಯತ್ನಪಟ್ಟನಂತೆ. ಆ ವರ್ಷವೇ ರಾಜ ಗುಂಡೇಟಿನಿಂದ ಸತ್ತ. 'ಅಪ್ಪಾ' ಎಂದು ಕರೆಸಿಕೊಂಡವನೂ ಕೊನೆಗೆ ಸೆರೆಮನೆಯ ಬಾಗಿಲ ಆಚೆಯವನೇ ಆಗಿದ್ದ.

ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ನಮ್ಮ ಮುದುಕನ ಕಥಿ ಬ್ಯಾರೆ ಐತಿ ಮಾಮಾ" ಅಂದಳು.

ಆ ಮುದುಕ ತೊಂಬತ್ತು ದಿನಕ್ಕೊಮ್ಮೆ ವಲಸೆ ಕಚೇರಿಗೆ ತಾನೆಲ್ಲಿದ್ದೇನೆಂದು ವರದಿ ಕೊಡಬೇಕು. ನಿವೃತ್ತಿಯ ಲೆಕ್ಕದಲ್ಲಿ ಅಲ್ಲಿರಲು ಐವತ್ತು ದಾಟಿರಬೇಕು, ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು ಅಥವಾ ತಿಂಗಳಿಗೆ 65 ಸಾವಿರ ಬಾತ್ ವರಮಾನ ತೋರಿಸಬೇಕು. ಪರದೇಶದವರು ಅಲ್ಲಿ ನೆಲ ಕೊಳ್ಳುವಂತಿಲ್ಲ. ಮನೆ ಕಟ್ಟಿಸಿದ ರೊಕ್ಕ ಅವನದು, ಕೆಳಗಿನ ನೆಲ ಹೆಂಡತಿಯದು. ಅವನ ಬ್ರಿಟಿಷ್ ಪಿಂಚಣಿಯೂ ಹಾಗೇ. ಥಾಯ್ಲೆಂಡಿನಲ್ಲಿ ನೆಲೆಸಿದವರಿಗೆ ಅದು ವರ್ಷ ವರ್ಷ ಏರುವುದಿಲ್ಲ, ಎಷ್ಟಿತ್ತೋ ಅಷ್ಟಕ್ಕೇ ನಿಂತಿದೆ. ಅಕ್ಕಿಯ ಬೆಲೆ ಮಾತ್ರ ನಿಂತಿಲ್ಲ. ಅವನ ಥಾಯ್ ಮಾತಿಗೆ ಹುಡುಗರು ಇವತ್ತಿಗೂ ನಗುತ್ತಾರೆ. ಭಾನುವಾರ ಬೆಳಿಗ್ಗೆ ಡಬ್ಬಿಯ ಬೀನ್ಸು, ಸುಟ್ಟ ಬ್ರೆಡ್ಡು ತಿನ್ನುತ್ತ ತನ್ನ ದೇಶದ ಫುಟ್‌ಬಾಲ್ ನೋಡುತ್ತಾನೆ. ಅಷ್ಟರ ಮಟ್ಟಿಗೆ ಅವನೂ ನಮ್ಮಜ್ಜನ ಸಾಹೇಬನೇ.

"ಆದ್ರ ಊರಾಗ ಯಾರರ ಸತ್ರ ಮೊದಲ ಹೋಗಾಂವ ಅಂವ" ಅಂದಳು. ಅಲ್ಲಿ ಸಾವಿನ ಮನೆಯಲ್ಲಿ ಎರಡು ಮೂರು ದಿನ ಊರೇ ಕೂಡುತ್ತದೆ. ಭಿಕ್ಕುಗಳು ಸಂಜೆ ಬಂದು ಪಠಣ ಮಾಡುತ್ತಾರೆ. ನೆರೆಯವರು ಅಡಿಗೆ ಮಾಡಿ ಬಡಿಸುತ್ತಾರೆ. ಮುದುಕ ವಿಹಾರದಿಂದ ಕುರ್ಚಿ ತಂದು ಅಂಗಳದಲ್ಲಿ ಜೋಡಿಸುತ್ತಾನೆ, ಉಂಡವರ ತಟ್ಟೆ ತೊಳೆಯುತ್ತಾನೆ. ಏನೂ ಮಾತಾಡುವುದಿಲ್ಲ. ಅದಕ್ಕೆ ಮಾತು ಬೇಕಾಗಿಯೂ ಇಲ್ಲ. "ಕುರ್ಚಿ ಹೊರಾಕ ವ್ಯಾಕರಣ ಯಾಕ ಬೇಕು ಮಾಮಾ?"

ಆ ರಾತ್ರಿ ನಿದ್ದೆ ಬರಲಿಲ್ಲ. ಫಾಲ್ಸಿನ ಸಾಹೇಬನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ರೈಲು ಅವರದು, ಮಿಲ್ಲು ಅವರದು, ಕಲೆಕ್ಟರ್ ಅವರವನು. ಯಾರನ್ನೂ ಏನೂ ಕೇಳಬೇಕಾಗಿಲ್ಲದ ಮನುಷ್ಯ ಒಂದು ಮನೆಯೊಳಗೆ ಹೇಗೆ ಹೋಗಬೇಕೆಂಬುದನ್ನು ಕಲಿಯುವುದೇ ಇಲ್ಲ. ಉದೋನಿನ ಮುದುಕ ವೀಸಾಕ್ಕೆ ಕೈಯೊಡ್ಡಬೇಕು, ನೆಲಕ್ಕೆ ಹೆಂಡತಿಯನ್ನು ನಂಬಬೇಕು, ಕಾಯಿಲೆ ಬಿದ್ದರೆ ಪಕ್ಕದ ಮನೆಯ ಹುಡುಗ ಗಾಡಿ ತೆಗೆಯಬೇಕು. ಬೇರೆಯವರ ಋಣದಲ್ಲಿ ಬದುಕುವವನಿಗೆ ಹೊಸ್ತಿಲು ಅಷ್ಟು ಎತ್ತರ ಕಾಣುವುದಿಲ್ಲ.

ಇಷ್ಟು ಯೋಚಿಸಿ ನಾನು ಸಮಾಧಾನದಿಂದ ಮಲಗಬಹುದಿತ್ತು. ಆದರೆ ನನ್ನ ಮನೆಯ ಕೆಳಗಿನ ಮಹಡಿಯಲ್ಲಿ ಮೂರು ದಿನದ ಹಿಂದೆ ಒಬ್ಬ ಹಿರಿಯರು ತೀರಿಕೊಂಡಿದ್ದರು.

ಬೆಂಗಳೂರಿನ ಈ ಅಪಾರ್ಟ್‌ಮೆಂಟಿನಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಅಜ್ಜನ ಸಾಹೇಬನಿಗಿಂತ ಒಂದು ವರ್ಷ ಹೆಚ್ಚು. ಆ ಹಿರಿಯರು ಆಂಧ್ರದ ಕಡೆಯವರು, ಬೆಳಿಗ್ಗೆ ಲಿಫ್ಟಿನಲ್ಲಿ ಸಿಕ್ಕಿದರೆ ತಲೆಯಾಡಿಸುತ್ತಿದ್ದೆವು. ಅಷ್ಟೇ. ಅವರು ಹೋದದ್ದು ನನಗೆ ಗೊತ್ತಾದದ್ದು ಆಂಬುಲೆನ್ಸಿನಿಂದ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೈಮುಗಿದ ಚಿತ್ರ ಹಾಕಿದೆ. ಆಮೇಲೆ ಮನಸ್ಸು ತಡೆಯದೆ ಮೆಟ್ಟಿಲಿಳಿದು ಹೋದೆ. ಬಾಗಿಲು ತೆರೆದಿತ್ತು, ಹೊರಗೆ ಚಪ್ಪಲಿಗಳು, ಒಳಗೆ ಗೊತ್ತಿಲ್ಲದ ಮುಖಗಳು. ಲಿಫ್ಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ತಿರುಗಿ ಬಂದೆ. ಮನೆಯಲ್ಲಿ "ಹೋಗಿದ್ದೆ" ಎಂದು ಹೇಳಿದೆ.

ಹೋಗಿದ್ದೆನೇ? ಬಾಗಿಲ ತನಕ ಹೋಗಿದ್ದೆ. ನನಗೆ ಸಾಮ್ರಾಜ್ಯ ಇರಲಿಲ್ಲ, ಬಟ್ಲರ ಇರಲಿಲ್ಲ. ಆದರೂ ಯಾರ ಋಣವೂ ಬೇಡದ ಹಾಗೆ ಬದುಕನ್ನು ಕಟ್ಟಿಕೊಂಡಿದ್ದೆ. ನೀರು, ಕಿರಾಣಿ, ಔಷಧಿ ಎಲ್ಲ ಫೋನಿನಲ್ಲಿ. ಇಲ್ಲಿ ನನ್ನ ನೆರೆಯವರ ಜೊತೆಗಿನ ಮಾತೂ ಎಣಿಸಿದರೆ ಬೆರಳಿನಷ್ಟೇ: ಗಾಡಿ ಸ್ವಲ್ಪ ತೆಗೀರಿ, ನೀರು ಸೋರ್ತಿದೆ, ಸದ್ದು ಕಡಿಮೆ ಮಾಡಿ. ಅಪ್ಪಣೆಯ ಕನ್ನಡ.

ಅಪ್ಪ ಮಿಲ್ಲಿನ ಕೆಲಸದಿಂದ ನಿವೃತ್ತನಾದಾಗ ಚಾಳಿನ ಮನೆ ಬಿಟ್ಟೆವು. ಅದು ಕೆಲಸದ ಜೊತೆ ಬಂದ ಮನೆ, ಕೆಲಸದ ಜೊತೆ ಹೋಗುವುದು ಸಹಜ. ಹೊರಡುವ ದಿನ ಚಾಳಿನ ಹೆಂಗಸರು ಆಯಿಗೆ ಉಡಿ ತುಂಬಿದರು. ಮೂಡಲಗಿಯ ಬಾಡಿಗೆ ಮನೆಗೆ ಸಾಮಾನು ಹೊತ್ತವರೂ, ಅಲ್ಲಿ ಮೊದಲ ದಿನ ರೊಟ್ಟಿ ಪಲ್ಯ ತಂದುಕೊಟ್ಟವರೂ ಹಳೆಯ ನೆರೆಯವರೇ. ಸ್ವಂತ ಗೋಡೆ ಇಲ್ಲದೆಯೂ ಅಲ್ಲಿ ನಮಗೊಂದು ಊರು ಇತ್ತು. ಸ್ವಂತ ಗೋಡೆ ಇರುವ ಇಲ್ಲಿ ಅದು ನನಗೆ ಸಿಕ್ಕಿಲ್ಲ, ಅಥವಾ ನಾನು ಹುಡುಕಿಲ್ಲ.

ಮರುದಿನ ಸಂಜೆ ಮತ್ತೆ ಮೆಟ್ಟಿಲಿಳಿದೆ. ಏನು ಹೇಳಬೇಕೆಂದು ಯೋಚಿಸಿಕೊಂಡಿದ್ದ ಮಾತೆಲ್ಲ ಬಾಗಿಲಲ್ಲೇ ಮರೆತುಹೋಯಿತು. ತೀರಿಕೊಂಡವರ ಹೆಂಡತಿ ಚಾಪೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಕೂತೆ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಒಳಗಿನಿಂದ ಯಾರೋ ನೀರು ತಂದುಕೊಟ್ಟರು. ಕುಡಿದ ಲೋಟವನ್ನು ನಾನೇ ಒಳಗೆ ಒಯ್ದು ತೊಳೆದಿಟ್ಟು ಬಂದೆ.

"ಯಾವ ಊರು ನಿಮ್ಮದು?" ಆಮೇಲೆ ಆ ತಾಯಿ ತೆಲುಗಿನ ರಾಗದ ಕನ್ನಡದಲ್ಲಿ ಕೇಳಿದರು.

"ಗೋಕಾಕ್ ಫಾಲ್ಸ್" ಅಂದೆ.

"ಅಲ್ಲಿ ಯಾರಿದ್ದಾರೆ?"

ಯಾರೂ ಇಲ್ಲ ಎಂದು ಹೇಳಲಿಕ್ಕೆ ಬಾಯಿ ಬರಲಿಲ್ಲ. "ನಾಳೆ ಬೆಳಿಗ್ಗೆ ಬರ್ತೀನಮ್ಮ. ಮಂದಿ ಬರೋರಿದ್ರೆ ಕುರ್ಚಿ ಏನಾದ್ರೂ ಬೇಕಾ?" ಎಂದು ಕೇಳಿದೆ.